ಮಕ್ಕಳು ಬರೆಯುವ ವಿಜ್ಞಾನಿ: ಅರಿವಿಗೆ ಬಾರದ ಮನೋಭಾವವನ್ನು ಅಳೆಯುವ ಬಗೆ

ಹಿನ್ನೆಲೆ
"ಹುಡುಗಿಯರೂ ವಿಜ್ಞಾನಿಗಳಾಗಬಹುದೇ?" ಎಂದು ತರಗತಿಯಲ್ಲಿ ಕೇಳಿದರೆ ಎಲ್ಲರೂ ಒಕ್ಕೊರಲಿನಿಂದ "ಹೌದು" ಎನ್ನುತ್ತಾರೆ. ಅದು ಮನಸ್ಸಿನ ಮಾತೋ, ಶಿಕ್ಷಕರನ್ನು ಮೆಚ್ಚಿಸುವ ಉತ್ತರವೋ ತಿಳಿಯುವುದಿಲ್ಲ. ಆದ್ದರಿಂದಲೇ ಮನೋವಿಜ್ಞಾನದಲ್ಲಿ ಪರೋಕ್ಷ ಪರೀಕ್ಷೆಗಳಿವೆ. 1998ರಲ್ಲಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು ಪ್ರಕಟಿಸಿದ ಐಎಟಿ ಪರೀಕ್ಷೆಯು, ಪದಗಳನ್ನು ಜೋಡಿಸಲು ನಾವು ತೆಗೆದುಕೊಳ್ಳುವ ಸಮಯವನ್ನು ಮಿಲಿಸೆಕೆಂಡುಗಳಲ್ಲಿ ಅಳೆಯುತ್ತದೆ. 'ಪುರುಷ–ವಿಜ್ಞಾನ' ಜೋಡಿಗೆ ಕೈ ಬೇಗ ಓಡಿ, 'ಮಹಿಳೆ–ವಿಜ್ಞಾನ' ಜೋಡಿಗೆ ತಡವಾದರೆ, ಮೊದಲ ನಂಟು ಮನಸ್ಸಿನಲ್ಲಿ ಗಟ್ಟಿಯಾಗಿದೆ ಎಂದು ಊಹಿಸುತ್ತಾರೆ.

ಕಂಪ್ಯೂಟರ್ ಬೇಡದ, ಹಾಳೆ-ಪೆನ್ಸಿಲ್ ಸಾಕಾಗುವ ವಿಧಾನವೂ ಇದೆ: ವಿಜ್ಞಾನಿಯ ಚಿತ್ರ ಬರೆಸುವುದು. ಚೇಂಬರ್ಸ್ 1983ರಲ್ಲಿ ಪ್ರಕಟಿಸಿದ ಅಧ್ಯಯನದ 4,807 ಮಕ್ಕಳಲ್ಲಿ ಮಹಿಳಾ ವಿಜ್ಞಾನಿಯನ್ನು ಬರೆದವರು 28 ಮಂದಿ, ಅವರೆಲ್ಲರೂ ಹುಡುಗಿಯರೇ.

ಪ್ರಶ್ನೆಯ ಭಾಷೆ
ದೊಡ್ಡಬಳ್ಳಾಪುರ ತಾಲ್ಲೂಕಿನ ಪ್ರೌಢಶಾಲೆಯೊಂದರ 8ನೇ ತರಗತಿಯಲ್ಲಿ, ಬೋಧನಾಭ್ಯಾಸದ ಅವಧಿಯಲ್ಲಿ ಈ ಚಟುವಟಿಕೆ ಮಾಡಿಸಿದೆ. "ಒಬ್ಬ ವಿಜ್ಞಾನಿಯ ಚಿತ್ರ ಬರೆಯಿರಿ" ಎಂದರೆ 'ಒಬ್ಬ' ಎಂಬ ಪದವೇ ಗಂಡಸಿನ ಕಡೆಗೆ ಕೈ ತೋರುತ್ತದೆ. ಹಾಗಾದಾಗ ನಾವು ಅಳೆಯುವುದು ಮಗುವಿನ ಮನೋಭಾವವನ್ನಲ್ಲ, ನಮ್ಮ ವ್ಯಾಕರಣವನ್ನು. ಆದ್ದರಿಂದ "ವಿಜ್ಞಾನಿಯೊಬ್ಬರು ಕೆಲಸ ಮಾಡುತ್ತಿರುವ ಚಿತ್ರ ಬರೆಯಿರಿ" ಎಂದು ಕರಿಹಲಗೆಯ ಮೇಲೆ ಬರೆದೆ. ಹಾಳೆಯಲ್ಲಿ ಹೆಸರು ಬೇಡವೆಂದೆ.

ಚಿತ್ರದ ನಂತರದ ಮಾತು
ಕನ್ನಡಕ, ಕೆದರಿದ ಕೂದಲು, ಪ್ರನಾಳ ಹಲವು ಹಾಳೆಗಳಲ್ಲಿದ್ದವು. "ಇವರು ಎಲ್ಲಿ ಕೆಲಸ ಮಾಡುತ್ತಾರೆ?" ಎಂದು ಕೇಳುತ್ತಾ ಹೋದಾಗ ಒಬ್ಬ ವಿದ್ಯಾರ್ಥಿನಿ, "ಮಿಸ್, ಹಾಡೋನಹಳ್ಳಿ ಕೃಷಿ ವಿಜ್ಞಾನ ಕೇಂದ್ರದಿಂದ ಬೆಳೆ ರೋಗ ನೋಡೋಕೆ ಬರ್ತಾರಲ್ಲ, ಆ ಮೇಡಂನೂ ವಿಜ್ಞಾನಿನಾ?" ಎಂದಳು. ವಿಜ್ಞಾನಿಯನ್ನು ಅವಳು ಕಂಡಿದ್ದಳು. ಆ ಹೆಸರಿನಿಂದ ಗುರುತಿಸಿರಲಿಲ್ಲ. ಮರು ಅವಧಿಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1933ರಲ್ಲಿ ಸೇರಲು ಕಮಲಾ ಸೊಹೊನಿ ಅವರು ಪಟ್ಟ ಪಾಡನ್ನು ಹೇಳಿ, ಎರಡನೇ ಚಿತ್ರ ಬರೆಸಿದೆ.

ಗಮನಿಸಬೇಕಾದ್ದು
ಗಂಡಸಿನ ಚಿತ್ರ ಬರೆದ ಮಗುವಿಗೆ ಪೂರ್ವಗ್ರಹವಿದೆ ಎನ್ನಲಾಗದು. ನೋಡುವವರಿಗೆ ಥಟ್ಟನೆ ಗುರುತು ಸಿಗಲೆಂದು ಪುಸ್ತಕದ ಚಿತ್ರವನ್ನೇ ಅದು ನೆನಪಿಸಿಕೊಂಡಿರಬಹುದು. ಐಎಟಿಯಲ್ಲೂ ಒಬ್ಬರದೇ ಅಂಕ ಮತ್ತೊಮ್ಮೆ ಪರೀಕ್ಷಿಸಿದಾಗ ಬದಲಾಗುವುದುಂಟು. ಇಂಥ ಸಾಧನಗಳು ಗುಂಪಿನ ಒಲವನ್ನು ಸೂಚಿಸುತ್ತವೆ, ಒಂದು ಮಗುವಿಗೆ ಹಣೆಪಟ್ಟಿ ಹಚ್ಚಲು ಬಾರವು. ಆದ್ದರಿಂದ ಈ ಹಾಳೆಗಳನ್ನು ನಿರಂತರ ಮೌಲ್ಯಮಾಪನದ ಅಂಕಕ್ಕೆ ಸೇರಿಸಬಾರದು. ಮುಂದಿನ ಪಾಠ ಯೋಜನೆಯಲ್ಲಿ ಯಾರ ಉದಾಹರಣೆ ಕೊಡಬೇಕೆಂದು ನಿರ್ಧರಿಸಲು ಬಳಸಬೇಕು.