ಕೊನೆಗಳಿಗೆಯಲ್ಲಿ ಜೊತೆಗಿರಿ
ವಾಸಿಯಾಗದ ಕಾಯಿಲೆ ಎಂದು ವೈದ್ಯರು ಹೇಳಿದ ಮೇಲೂ ನಾಯಿ ನಮ್ಮನ್ನು ಕಂಡರೆ ಬಾಲ ಅಲ್ಲಾಡಿಸುತ್ತದೆ. ಅದನ್ನೇ ನಂಬಿ ಬೀಳ್ಕೊಡುವ ದಿನವನ್ನು ಮುಂದೂಡುತ್ತೇವೆ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ 2004ರಲ್ಲಿ ಕೊಟ್ಟ ಅಳತೆ ಇಂಥ ಹೊತ್ತಿಗೆ ನೆರವಾಗುತ್ತದೆ: ನೋವು, ಹಸಿವು, ನೀರಿನಂಶ, ಶುಚಿ, ಖುಷಿ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬುದು. ಒಂದೊಂದಕ್ಕೂ 10ರಲ್ಲಿ ಅಂಕ ಕೊಡಿ, ಸ್ಥಿತಿ ಚೆನ್ನಾಗಿದ್ದಷ್ಟೂ ಹೆಚ್ಚು ಅಂಕ. ಮೊತ್ತ 35 ದಾಟದಿದ್ದರೆ ವೈದ್ಯರೊಡನೆ ಮನಬಿಚ್ಚಿ ಮಾತಾಡಿ. ದಯಾಮರಣದಲ್ಲಿ ಕೊಡುವುದು ಅರಿವಳಿಕೆ ಮದ್ದನ್ನೇ, ಹೆಚ್ಚಿನ ಪ್ರಮಾಣದಲ್ಲಿ. ಮೊದಲು ಎಚ್ಚರ ತಪ್ಪುತ್ತದೆ, ಆಮೇಲೆ ಉಸಿರು, ಹೃದಯ ನಿಲ್ಲುತ್ತವೆ. ಕಣ್ಣು ತೆರೆದೇ ಇರಬಹುದು, ಗಾಬರಿಯಾಗಬೇಡಿ. ಮಕ್ಕಳಿಗೆ ‘ಊರಿಗೆ ಹೋಯಿತು’ ಎನ್ನದೆ ನಿಜ ಹೇಳಿ. ಮದ್ದು ಕೊಡುವ ಕೊಠಡಿಯಲ್ಲಿ ನಾಯಿಗೆ ಪರಿಚಯವಿರುವುದು ನಿಮ್ಮ ದನಿ, ನಿಮ್ಮ ವಾಸನೆ ಮಾತ್ರ. ಅಳು ಬಂದರೆ ಬರಲಿ, ದಯವಿಟ್ಟು ಹೊರಗೆ ಹೋಗಬೇಡಿ.