ಬಹುಮಾನ ಕೊಟ್ಟರೂ ಕೆಲಸಗಾರರು ನಿಲ್ಲುತ್ತಿಲ್ಲ, ಯಾಕೆ?

ಪ್ರಶ್ನೆ: ಪೀಣ್ಯದಲ್ಲಿ ನನ್ನದೊಂದು ಸಣ್ಣ ಮಷೀನ್ ಶಾಪ್ ಇದೆ. ಒಟ್ಟು 22 ಜನ. ತಿಂಗಳಿಗೊಬ್ಬರನ್ನು ‘ಉತ್ತಮ ಕೆಲಸಗಾರ’ ಎಂದು ಆರಿಸಿ, ಗೋಡೆಗೆ ಫೋಟೊ ಹಾಕಿ, ಉಡುಗೊರೆ ಕೊಡುತ್ತೇನೆ. ಸಂಬಳವೂ ಅಕ್ಕಪಕ್ಕದ ಶಾಪ್‌ಗಳಿಗಿಂತ ಕಡಿಮೆಯಿಲ್ಲ. ಆದರೂ ಕೈ ಪಳಗಿದ ಹುಡುಗರೇ ಬಿಟ್ಟು ಹೋಗುತ್ತಿದ್ದಾರೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಹೋದ ತಿಂಗಳು ಬಹುಮಾನ ಪಡೆದವರು ಯಾವ ಕೆಲಸಕ್ಕೆ ಪಡೆದರು ಎಂಬುದು ನಿಮ್ಮ ಪತ್ರದಲ್ಲಿಲ್ಲ. ಗೋಡೆಯ ಮೇಲಿನ ಫೋಟೊದ ಕೆಳಗೂ ಇರಲಿಕ್ಕಿಲ್ಲ. ತಿಂಗಳಿಗೊಬ್ಬರಂತೆ ಹೋದರೆ ಎರಡು ವರ್ಷದೊಳಗೆ 22 ಜನರಿಗೂ ಸರದಿ ಬಂದುಬಿಡುತ್ತದೆ. ಆಮೇಲೆ ‘ಈ ಸಲ ಯಾರ ಪಾಳಿ’ ಎಂದು ಕೇಳುತ್ತಾರೆಯೇ ಹೊರತು, ಯಾರು ಏನು ಮಾಡಿದರು ಎಂದು ಯಾರೂ ಕೇಳುವುದಿಲ್ಲ. ಚೆನ್ನಾಗಿ ಕೆಲಸ ಬಲ್ಲವನಿಗೆ ಇದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ.

ಅಮೆರಿಕದ ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಜೊತೆಗಾರರು ಪಿಟ್ಸ್‌ಬರ್ಗ್ ಸುತ್ತಮುತ್ತಲ ಸುಮಾರು 200 ಎಂಜಿನಿಯರ್‌ಗಳು ಮತ್ತು ಲೆಕ್ಕಿಗರನ್ನು ಮಾತನಾಡಿಸಿ, ಕೆಲಸದಲ್ಲಿ ತುಂಬಾ ಹಿಗ್ಗಿದ್ದು ಯಾವಾಗ, ತುಂಬಾ ನೊಂದಿದ್ದು ಯಾವಾಗ ಎಂದು ಕೇಳಿದ್ದರು. 1959ರಲ್ಲಿ ಅದು ಪುಸ್ತಕವಾಯಿತು. ಹಿಗ್ಗಿನ ನೆನಪುಗಳಲ್ಲಿ ಮತ್ತೆ ಮತ್ತೆ ಬಂದದ್ದು ಮಾಡಿ ಮುಗಿಸಿದ ಕೆಲಸ, ಅದಕ್ಕೆ ಸಿಕ್ಕ ಮನ್ನಣೆ. ಆದರೆ ಬರೀ ಮನ್ನಣೆಯ ಹಿಗ್ಗು ಬೇಗ ಆರುತ್ತಿತ್ತು. ಕೆಲಸದ ರುಚಿ ಮತ್ತು ಹೆಗಲಿಗೆ ಬಂದ ಹೊಣೆ ಕೊಟ್ಟ ಹಿಗ್ಗು ಬಹುಕಾಲ ಉಳಿಯುತ್ತಿತ್ತು. ನಿಮ್ಮ ಶಾಪಿಗೆ ಬೇಕಾದ ಉತ್ತರ ಇಲ್ಲಿದೆ ಎಂದು ನನ್ನ ನಂಬಿಕೆ.

ಒಬ್ಬ ಆಪರೇಟರ್ ತಾನೇ ತಲೆ ಓಡಿಸಿ ಒಂದು ಫಿಕ್ಸ್ಚರ್ ಮಾಡಿ, ಸೆಟ್ಟಿಂಗ್ ಹೊತ್ತನ್ನು ಅರ್ಧಕ್ಕೆ ಇಳಿಸಿದ ಅಂದುಕೊಳ್ಳಿ. ತಿಂಗಳ ಕೊನೆಯವರೆಗೆ ಕಾಯಬೇಡಿ. ಅವತ್ತೇ ಅವನ ಮಷೀನಿನ ಹತ್ತಿರ ಹೋಗಿ, ಅದು ಹೇಗೆ ಹಿಡಿಯುತ್ತದೆ, ಎಲ್ಲಿ ಕಷ್ಟವಾಯಿತು ಎಂದು ಕೇಳಿ. ಮುಂದಿನ ಹೊಸ ಜಾಬ್‌ನ ಡ್ರಾಯಿಂಗ್ ಬಂದಾಗ ಮೊದಲು ಅವನ ಮುಂದೆ ಹರಡಿ. ಅವನು ಹೇಳಿದ್ದಕ್ಕೆ ಬೆಲೆ ಇರಲಿ. ಹಾಗೆಯೇ ಇನ್‌ಸ್ಪೆಕ್ಷನ್ ಟೇಬಲ್ಲಿನಲ್ಲಿ ಕೂತ ಹೆಣ್ಣುಮಗಳನ್ನು ಮರೆಯಬೇಡಿ. ಅವಳು ಹಿಡಿದ ತಪ್ಪು ಗಿರಾಕಿಯವರೆಗೆ ಹೋಗುವುದೇ ಇಲ್ಲ, ಹಾಗಾಗಿ ಅವಳ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಹೊಣೆ ಹೆಚ್ಚಿದವರಿಗೆ ಸಂಬಳವೂ ಹೆಚ್ಚಬೇಕು, ಬಾಯಿಮಾತಿನ ಹೊಗಳಿಕೆಯಲ್ಲಿ ಅದನ್ನು ತೇಲಿಸಬಾರದು.

ಇನ್ನೊಂದು ಮಾತು, ಇದು ನನಗೆ ಎಲ್ಲಕ್ಕಿಂತ ದೊಡ್ಡದು. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿತ್ತು. ಯೋಜನೆಯ ನಿರ್ದೇಶಕರಾಗಿದ್ದವರು ಅಬ್ದುಲ್ ಕಲಾಂ. ಆದರೆ ಪತ್ರಕರ್ತರ ಮುಂದೆ ಕೂತು ಸೋಲನ್ನು ಮೈಮೇಲೆ ಹಾಕಿಕೊಂಡವರು ಇಸ್ರೋ ಅಧ್ಯಕ್ಷ ಸತೀಶ್ ಧವನ್, ಆಗ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಅವರೇ. ಮರುವರ್ಷ ಜುಲೈ 18ರಂದು ಅದೇ ಮಾದರಿಯ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅಂದು ಪತ್ರಕರ್ತರ ಜೊತೆ ಮಾತನಾಡಲು ಧವನ್ ಕಲಾಂ ಅವರನ್ನೇ ಕಳಿಸಿದರು. ಕಲಾಂ ಇದನ್ನು ಜೀವನವಿಡೀ ಹೇಳುತ್ತಿದ್ದರು. ನಾವು ಗೆಲುವಿನ ದಿನವನ್ನಷ್ಟೇ ಮೆಚ್ಚಿಕೊಳ್ಳುತ್ತೇವೆ. ಸೋಲಿನ ದಿನ ಧವನ್ ಮುಂದೆ ಬರದೇ ಹೋಗಿದ್ದರೆ ಮರುವರ್ಷದ ಆ ಗೌರವಕ್ಕೆ ಅಷ್ಟು ತೂಕ ಇರುತ್ತಿರಲಿಲ್ಲ.

ನಿಮ್ಮಲ್ಲಿ ಒಂದು ಲಾಟ್ ರಿಜೆಕ್ಟ್ ಆಗಿ ವಾಪಸ್ಸು ಬಂದ ದಿನ, ಗಿರಾಕಿಯ ಫೋನಿನಲ್ಲಿ ನೀವು ಯಾರ ಹೆಸರು ಹೇಳುತ್ತೀರಿ? ಹುಡುಗರು ಅದನ್ನು ಕೇಳಿಸಿಕೊಂಡಿರುತ್ತಾರೆ. ಅಂದು ಅವರ ಹೆಸರು ಹೇಳಿದ ಬಾಯಿಂದ ತಿಂಗಳ ಕೊನೆಯಲ್ಲಿ ಹೊಗಳಿಕೆ ಬಂದರೆ ಅದು ಯಾರ ಮನಸ್ಸಿಗೂ ಇಳಿಯುವುದಿಲ್ಲ.

ಫೋಟೊ, ಉಡುಗೊರೆ ಬೇಕಿದ್ದರೆ ಇರಲಿ. ಮುಂದಿನ ಸಲ ಗಿರಾಕಿ ಕಡೆಯವರು ಶಾಪ್ ನೋಡಲು ಬಂದಾಗ ಮಾತ್ರ, ಜಾಬ್ ಮಾಡಿದ ಹುಡುಗನನ್ನೇ ಹೆಸರು ಹಿಡಿದು ಕರೆಯಿರಿ. ವಿವರಿಸುವ ಕೆಲಸ ಅವನಿಗೆ ಬಿಟ್ಟು, ನೀವು ಪಕ್ಕದಲ್ಲಿ ನಿಂತು ಕೇಳಿ.