ಚೀಲದ ಮೇಲಿನ ಪ್ರೋಟೀನ್, ಹೊಟ್ಟೆಯೊಳಗಿನ ಪ್ರೋಟೀನ್

ಪಶು ಆಹಾರದ ಚೀಲದ ಮೇಲೆ ಒಂದು ಸಂಖ್ಯೆ ಇದ್ದೇ ಇರುತ್ತೆ: ಕಚ್ಚಾ ಪ್ರೋಟೀನ್ ಶೇ. 20, ಇಲ್ಲವೇ ಶೇ. 22. ಈ ಸಂಖ್ಯೆ ಹೆಚ್ಚಾದಷ್ಟೂ ಸಾಮಾನ್ಯವಾಗಿ ಚೀಲದ ಬೆಲೆಯೂ ಹೆಚ್ಚು. ಆದರೆ ಇಲ್ಲೊಂದು ವಿಚಿತ್ರ ಇದೆ. ಆ ಚೀಲದೊಳಗಿನ ಪ್ರೋಟೀನನ್ನು ಯಾರೂ ನೇರವಾಗಿ ಅಳೆದಿರುವುದಿಲ್ಲ. ಅಳೆದಿರುವುದು ನೈಟ್ರೋಜನ್ ಮಾತ್ರ.

ಸೆನ್ಸರ್ ಏನನ್ನು ಅಳೆಯುತ್ತೆ, ನಮಗೆ ಬೇಕಾಗಿರುವುದು ಏನು, ಇವೆರಡರ ನಡುವೆ ಅಂತರ ಎಷ್ಟು? ಇಂಜಿನಿಯರಿಂಗ್ ಓದುವ ನಮಗೆ ಈ ಪ್ರಶ್ನೆ ಹೊಸದಲ್ಲ. ಹಸು, ಹಂದಿ, ಕೋಳಿ, ಕುದುರೆಗಳ ಪ್ರೋಟೀನ್ ಪೋಷಣೆಯ ಬಗ್ಗೆ ನೂರು ವರ್ಷಕ್ಕೂ ಹೆಚ್ಚು ಕಾಲ ನಡೆದ ಸಂಶೋಧನೆಯನ್ನು ಈ ಒಂದೇ ಪ್ರಶ್ನೆಯ ಸುತ್ತ ಅರ್ಥ ಮಾಡಿಕೊಳ್ಳಬಹುದು. ಬನ್ನಿ, ಒಂದೊಂದೇ ಹೆಜ್ಜೆ ನೋಡೋಣ.

1. ಅಳೆಯೋದು ಒಂದು, ಬೇಕಾಗಿರೋದು ಇನ್ನೊಂದು

1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಯೋಹಾನ್ ಕೆಲ್ಡಾಲ್ ಎಂಬ ರಸಾಯನ ವಿಜ್ಞಾನಿ ಒಂದು ವಿಧಾನ ಪ್ರಕಟಿಸಿದರು. ಮಾದರಿಯನ್ನು ಸಾಂದ್ರ ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿಸಬೇಕು. ಅದರಲ್ಲಿರುವ ನೈಟ್ರೋಜನ್ ಅಮೋನಿಯಂ ರೂಪಕ್ಕೆ ಬರುತ್ತೆ. ಆಮೇಲೆ ಅಮೋನಿಯಾ ಬಿಡಿಸಿಕೊಂಡು ಟೈಟ್ರೇಷನ್ ಮಾಡಿದರೆ ನೈಟ್ರೋಜನ್ ಎಷ್ಟಿತ್ತು ಅಂತ ಗೊತ್ತಾಗುತ್ತೆ. ಪ್ರೋಟೀನ್‌ನಲ್ಲಿ ಸರಾಸರಿ ಶೇ. 16ರಷ್ಟು ನೈಟ್ರೋಜನ್ ಇರುವುದರಿಂದ, ಬಂದ ಸಂಖ್ಯೆಯನ್ನು 100/16, ಅಂದರೆ 6.25ರಿಂದ ಗುಣಿಸುತ್ತಾರೆ. ಅದೇ ಕಚ್ಚಾ ಪ್ರೋಟೀನ್.

ವಿಧಾನ ಸರಳ ಮತ್ತು ಅಗ್ಗ, ಅದಕ್ಕೇ ಇವತ್ತಿಗೂ ಉಳಿದಿದೆ. ಆದರೆ ನೈಟ್ರೋಜನ್ ಎಲ್ಲಿಂದ ಬಂತು ಅಂತ ಅದು ಕೇಳೋದಿಲ್ಲ. ಯೂರಿಯಾದಲ್ಲಿ ನೈಟ್ರೋಜನ್ ಶೇ. 46ಕ್ಕೂ ಹೆಚ್ಚು, 6.25ರಿಂದ ಗುಣಿಸಿದರೆ 'ಪ್ರೋಟೀನ್' 290ರ ಹತ್ತಿರ ಹೋಗುತ್ತೆ! ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ಮೆಲಮೈನ್‌ನಲ್ಲಿ ನೈಟ್ರೋಜನ್ ಶೇ. 66. ಅದರ 'ಪ್ರೋಟೀನ್' 400 ದಾಟುತ್ತೆ. ನೂರು ಗ್ರಾಂ ಪುಡಿಯಲ್ಲಿ ನಾನೂರು ಗ್ರಾಂ ಪ್ರೋಟೀನ್.

ಇದು ಬರೀ ತಮಾಷೆಯ ಲೆಕ್ಕವಾಗಿ ಉಳಿಯಲಿಲ್ಲ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮೈನ್ ಸೇರಿಸಿ ಪ್ರೋಟೀನ್ ಪರೀಕ್ಷೆ ಪಾಸ್ ಮಾಡಿಸಿದರು. ಆ ಹಾಲಿನಿಂದ ತಯಾರಾದ ಶಿಶು ಆಹಾರ ಕುಡಿದು ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಆರು ಕೂಸುಗಳು ತೀರಿಹೋದವು. ಅದರ ಹಿಂದಿನ ವರ್ಷವೇ ಅಮೆರಿಕದಲ್ಲಿ ನಾಯಿ, ಬೆಕ್ಕುಗಳ ಆಹಾರದಲ್ಲಿ ಇದೇ ಮೆಲಮೈನ್ ಸಿಕ್ಕಿತ್ತು. ಅಳತೆಯ ವಿಧಾನದಲ್ಲಿರುವ ಸಂದು ಯಾವುದು ಅಂತ ಮೋಸಗಾರರಿಗೆ ಚೆನ್ನಾಗಿ ಗೊತ್ತಿತ್ತು.

2. ಅಚ್ಚುಮೊಳೆಯ ಲೆಕ್ಕ

ಮೋಸವೇ ಇಲ್ಲ, ಚೀಲದಲ್ಲಿರೋದು ಅಪ್ಪಟ ಪ್ರೋಟೀನೇ ಅಂತ ಇಟ್ಟುಕೊಳ್ಳಿ. ಆಗಲೂ ಸಮಸ್ಯೆ ಮುಗಿಯೋದಿಲ್ಲ.

ಪ್ರೋಟೀನ್ ಅಂದರೆ 20 ಬಗೆಯ ಅಮೈನೊ ಆಮ್ಲಗಳನ್ನು ಪೋಣಿಸಿದ ಸರ. ಇವುಗಳಲ್ಲಿ ಸುಮಾರು ಹತ್ತನ್ನು ಪ್ರಾಣಿ ತಾನಾಗಿ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅವು ಮೇವಿನಿಂದಲೇ ಬರಬೇಕು. ಲೈಸಿನ್, ಮೆಥಿಯೊನಿನ್, ಥ್ರಿಯೊನಿನ್, ಟ್ರಿಪ್ಟೊಫ್ಯಾನ್ ಇವುಗಳಲ್ಲಿ ಮುಖ್ಯವಾದವು.

ಹಳೆಯ ಕಾಲದ ಮುದ್ರಣಾಲಯವನ್ನು ಊಹಿಸಿಕೊಳ್ಳಿ. 'ಕನ್ನಡ' ಎಂಬ ಪದವನ್ನು ಒಂದೇ ಪುಟದಲ್ಲಿ ಹತ್ತು ಕಡೆ ಜೋಡಿಸಬೇಕು. 'ಕ' ಮೊಳೆ ಹತ್ತಿವೆ, 'ಡ' ಹತ್ತಿವೆ, 'ನ್ನ' ಮಾತ್ರ ಆರು. ಎಷ್ಟು ಪದ ಜೋಡಿಸಬಹುದು? ಆರು ಮಾತ್ರ. 'ಕ' ಇನ್ನೂ ನೂರು ತಂದು ಸುರಿದರೂ ಆರೇ. ಪಿಯುಸಿಯ ಲಿಮಿಟಿಂಗ್ ರೀಏಜೆಂಟ್ ಲೆಕ್ಕ ಇದೇ ಅಲ್ವಾ? ಪೋಷಣಾ ವಿಜ್ಞಾನದಲ್ಲಿ ಈ 'ನ್ನ'ಗೆ ಸೀಮಿತಗೊಳಿಸುವ ಅಮೈನೊ ಆಮ್ಲ ಅಂತ ಹೆಸರು.

ಮುದ್ರಣಾಲಯಕ್ಕೂ ದೇಹಕ್ಕೂ ಒಂದು ವ್ಯತ್ಯಾಸ ಇದೆ. ಮಿಕ್ಕ ಮೊಳೆಗಳನ್ನು ಪೆಟ್ಟಿಗೆಯಲ್ಲಿ ಎತ್ತಿಡಬಹುದು. ಮಿಕ್ಕ ಅಮೈನೊ ಆಮ್ಲಗಳನ್ನು ಕೂಡಿಡಲು ದೇಹದಲ್ಲಿ ಕೊಬ್ಬಿನ ಹಾಗೆ ಉಗ್ರಾಣ ಇಲ್ಲ. ನೈಟ್ರೋಜನ್ ಭಾಗವನ್ನು ಕಿತ್ತು ಯೂರಿಯಾ ಮಾಡಿ ಮೂತ್ರದಲ್ಲಿ ಹೊರಹಾಕುತ್ತೆ, ಉಳಿದದ್ದು ಹೆಚ್ಚಾಗಿ ಇಂಧನವಾಗಿ ಉರಿಯುತ್ತೆ. ದುಡ್ಡು ಕೊಟ್ಟು ತಂದ ಪ್ರೋಟೀನ್ ಕೊಟ್ಟಿಗೆಯ ಚರಂಡಿ ಸೇರುತ್ತೆ.

ಇದನ್ನು ತೋರಿಸಿಕೊಟ್ಟ ಪ್ರಯೋಗ 1914ರದ್ದು. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಥಾಮಸ್ ಆಸ್ಬೋರ್ನ್ ಮತ್ತು ಲಫಾಯೆಟ್ ಮೆಂಡೆಲ್ ಇಲಿಗಳಿಗೆ ಮೆಕ್ಕೆಜೋಳದ ಝೀನ್ ಎಂಬ ಒಂದೇ ಪ್ರೋಟೀನ್ ಕೊಟ್ಟರು. ಅದರಲ್ಲಿ ಲೈಸಿನ್, ಟ್ರಿಪ್ಟೊಫ್ಯಾನ್ ಎರಡೂ ಇಲ್ಲ. ಇಲಿಗಳು ಸೊರಗಿದವು. ಟ್ರಿಪ್ಟೊಫ್ಯಾನ್ ಸೇರಿಸಿದಾಗ ತೂಕ ಇಳಿಯೋದು ನಿಂತಿತು, ಆದರೆ ಬೆಳೆಯಲಿಲ್ಲ. ಜೊತೆಗೆ ಲೈಸಿನ್ ಕೂಡ ಸೇರಿಸಿದ ಮೇಲೆ ಬೆಳೆಯತೊಡಗಿದವು.

3. ಎರಡು ಹಿಂಡಿ, ಒಂದೇ ಸಂಖ್ಯೆ

ನಮ್ಮ ಕಡೆ ಚೆನ್ನಾಗಿ ಗೊತ್ತಿರುವ ಶೇಂಗಾ ಹಿಂಡಿಯನ್ನೂ ಸೋಯಾ ಹಿಂಡಿಯನ್ನೂ ಪಕ್ಕಪಕ್ಕ ಇಡೋಣ. ಎಣ್ಣೆ ತೆಗೆದ ಒಳ್ಳೆಯ ಗುಣಮಟ್ಟದ ಹಿಂಡಿಯಾದರೆ ಎರಡರಲ್ಲೂ ಕಚ್ಚಾ ಪ್ರೋಟೀನ್ ಸರಿಸುಮಾರು ಶೇ. 45. ಚೀಲದ ಸಂಖ್ಯೆ ನೋಡಿದರೆ ಅವಳಿ ಜವಳಿ. ಆದರೆ ಸೋಯಾದ 100 ಗ್ರಾಂ ಪ್ರೋಟೀನ್‌ನಲ್ಲಿ ಲೈಸಿನ್ ಸುಮಾರು 6.2 ಗ್ರಾಂ, ಶೇಂಗಾದಲ್ಲಿ ಸುಮಾರು 3.5 ಗ್ರಾಂ.

ಇದನ್ನು ಕುದುರೆಗೆ ಹಚ್ಚಿ ನೋಡೋಣ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2007ರಲ್ಲಿ ಹೊರತಂದ ಶಿಫಾರಸಿನ ಪ್ರಕಾರ, ಕೆಲಸವಿಲ್ಲದೆ ಆರಾಮಾಗಿರುವ 500 ಕೆಜಿಯ ವಯಸ್ಕ ಕುದುರೆಗೆ ದಿನಕ್ಕೆ 630 ಗ್ರಾಂ ಕಚ್ಚಾ ಪ್ರೋಟೀನ್ ಬೇಕು, ಅದರಲ್ಲಿ ಲೈಸಿನ್ 27 ಗ್ರಾಂ ಇರಬೇಕು. ಲೆಕ್ಕದ ಅನುಕೂಲಕ್ಕೆ ಪೂರ್ತಿ ಪ್ರೋಟೀನ್ ಒಂದೇ ಹಿಂಡಿಯಿಂದ ಬರುತ್ತೆ ಅಂದುಕೊಳ್ಳೋಣ.

ಸೋಯಾ: 630 × 0.062 = 39 ಗ್ರಾಂ ಲೈಸಿನ್. ಬೇಕಾದ್ದಕ್ಕಿಂತ ಹೆಚ್ಚೇ.
ಶೇಂಗಾ: 630 × 0.035 = 22 ಗ್ರಾಂ. 5 ಗ್ರಾಂ ಕೊರತೆ.

ಪ್ರೋಟೀನ್ ಪರೀಕ್ಷೆಯಲ್ಲಿ ಎರಡೂ ಪಾಸ್, ಲೈಸಿನ್ ಪರೀಕ್ಷೆಯಲ್ಲಿ ಒಂದು ಫೇಲ್.

ಇನ್ನೂ ಒಂದು ಸೂಕ್ಷ್ಮ ಇದೆ. ಹಿಂಡಿಯನ್ನು ಅತಿಯಾಗಿ ಕಾಯಿಸಿದರೆ ಲೈಸಿನ್ ಹೋಗಿ ಸಕ್ಕರೆಯ ಅಣುಗಳ ಜೊತೆ ಕಚ್ಚಿಕೊಳ್ಳುತ್ತೆ. ಬ್ರೆಡ್ಡನ್ನು ಕಂದು ಮಾಡುವ ಮೇಯಾರ್ ಕ್ರಿಯೆ ಇದೇ. ಹಾಗೆ ಕಚ್ಚಿಕೊಂಡ ಲೈಸಿನ್ ಪ್ರಾಣಿಯ ಉಪಯೋಗಕ್ಕೆ ಬರೋದಿಲ್ಲ. ನೈಟ್ರೋಜನ್ ಮಾತ್ರ ಅಲ್ಲೇ ಇರುತ್ತೆ, ಚೀಲದ ಸಂಖ್ಯೆ ಕದಲೋದಿಲ್ಲ.

ಹುರುಳಿಯ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಇಂಗ್ಲಿಷ್‌ನಲ್ಲಿ ಅದರ ಹೆಸರೇ ಹಾರ್ಸ್ ಗ್ರಾಮ್. ಅದರಲ್ಲಿ ಪ್ರೋಟೀನ್ ಶೇ. 22ರ ಆಸುಪಾಸು, ಲೈಸಿನ್ ಚೆನ್ನಾಗಿದೆ, ಮೆಥಿಯೊನಿನ್ ಕಮ್ಮಿ. ಧಾನ್ಯಗಳಲ್ಲಿ ಇದು ತಿರುವುಮುರುವು: ಲೈಸಿನ್ನೇ ಕೊರತೆ. ಅಂದರೆ ಧಾನ್ಯದ ಜೊತೆ ಹುರುಳಿ ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತೆ. ಕುದುರೆಗೆ ಹುರುಳಿಯನ್ನು ಬೇಯಿಸಿ ಕೊಡುವ ರೂಢಿಗೂ ಕಾರಣ ಸಿಗುತ್ತೆ. ಹಸಿ ಕಾಳಿನಲ್ಲಿ ಪ್ರೋಟೀನ್ ಜೀರ್ಣಿಸುವ ಟ್ರಿಪ್ಸಿನ್ ಕಿಣ್ವಕ್ಕೆ ಅಡ್ಡಿಪಡಿಸುವ ಅಂಶ ಇರುತ್ತೆ. ಬಿಸಿ ತಾಗಿದರೆ ಅದರ ಆಟ ಬಹುಪಾಲು ನಿಲ್ಲುತ್ತೆ. ಬೇಯಿಸೋದು ಬೇಕು, ಸುಡೋದು ಬೇಡ!

4. ಹಸುವಿನ ಪ್ಲಾಂಟ್, ಕುದುರೆಯ ಪ್ಲಾಂಟ್

ಹಸುವೂ ಹುಲ್ಲು ತಿನ್ನುತ್ತೆ, ಕುದುರೆಯೂ ಹುಲ್ಲು ತಿನ್ನುತ್ತೆ. ಆದರೆ ಒಳಗಿನ ಯಂತ್ರಗಳ ಜೋಡಣೆ ಬೇರೆ.

ಹಸುವಿನಲ್ಲಿ ಹುದುಗುವ ತೊಟ್ಟಿ, ಅಂದರೆ ರೂಮೆನ್, ಮೊದಲು ಬರುತ್ತೆ. ಜೀರ್ಣ ಮಾಡುವ ಹೊಟ್ಟೆ, ಸಣ್ಣ ಕರುಳು ಆಮೇಲೆ. ರೂಮೆನ್‌ನಲ್ಲಿರುವ ಸೂಕ್ಷ್ಮಾಣುಜೀವಿಗಳು ಅಮೋನಿಯಾ ಬಳಸಿಕೊಂಡು ತಮ್ಮ ಮೈಯ ಪ್ರೋಟೀನ್ ಕಟ್ಟಿಕೊಳ್ಳುತ್ತವೆ. ಅವು ಮುಂದಕ್ಕೆ ಹರಿದಾಗ ಹಸು ಅವುಗಳನ್ನೇ ಜೀರ್ಣಿಸಿಕೊಳ್ಳುತ್ತೆ. ಹಾಗಾಗಿ ಹಸುವಿಗೆ ಯೂರಿಯಾ ಕೂಡ ಒಂದು ಮಿತಿಯೊಳಗೆ ಪ್ರೋಟೀನ್‌ನ ಕಚ್ಚಾ ವಸ್ತು. ಫಿನ್‌ಲೆಂಡಿನ ನೊಬೆಲ್ ಪುರಸ್ಕೃತ ವಿಜ್ಞಾನಿ ಆರ್ಟುರಿ ವಿರ್ಟಾನೆನ್ 1960ರ ದಶಕದಲ್ಲಿ ಹಸುಗಳಿಗೆ ಪ್ರೋಟೀನೇ ಇಲ್ಲದ ಆಹಾರದ ಜೊತೆ ಯೂರಿಯಾ ಮತ್ತು ಅಮೋನಿಯಂ ಲವಣ ಕೊಟ್ಟು ಹಾಲು ಕರೆದು ತೋರಿಸಿದರು. ಆದರೆ ಮಿತಿ ಮೀರಿದರೆ ರಕ್ತಕ್ಕೆ ಅಮೋನಿಯಾ ನುಗ್ಗಿ ಹಸು ಸತ್ತೇಹೋಗಬಹುದು. ಇದು ಮನೆಯಲ್ಲಿ ಮಾಡಿ ನೋಡುವ ಪ್ರಯೋಗ ಅಲ್ಲ.

ಕುದುರೆಯಲ್ಲಿ ಜೋಡಣೆ ಉಲ್ಟಾ. ಹೊಟ್ಟೆ, ಸಣ್ಣ ಕರುಳು ಮೊದಲು, ಹುದುಗುವ ತೊಟ್ಟಿ ಹಿಂದೆ, ದೊಡ್ಡ ಕರುಳಿನಲ್ಲಿ. ಅಲ್ಲಿಯೂ ಸೂಕ್ಷ್ಮಾಣುಜೀವಿಗಳು ಪ್ರೋಟೀನ್ ಕಟ್ಟುತ್ತವೆ. ಆದರೆ ಅಮೈನೊ ಆಮ್ಲ ಹೀರಿಕೊಳ್ಳುವ ಸ್ಟೇಷನ್ ಅಷ್ಟರಲ್ಲಿ ದಾಟಿಹೋಗಿರುತ್ತೆ. ಅಲ್ಲಿ ಕಟ್ಟಿದ ಪ್ರೋಟೀನ್‌ನ ಬಹುಪಾಲು ಲದ್ದಿಯಲ್ಲಿ ಹೋಗುತ್ತೆ. ಆದ್ದರಿಂದ ಕುದುರೆಗೆ ಬೇಕಾದ ಲೈಸಿನ್ ಮೇವಿನಲ್ಲೇ ಇರಬೇಕು, ಅದೂ ಸಣ್ಣ ಕರುಳಿನಲ್ಲೇ ಬಿಡುಗಡೆಯಾಗಬೇಕು.

ಹಸುವಿನ ಚೀಲದ ಮೇಲೆ ಕಚ್ಚಾ ಪ್ರೋಟೀನ್ ಸಂಖ್ಯೆಗೆ ಹೆಚ್ಚು ಅರ್ಥ ಇರುವುದು, ಕುದುರೆ, ಹಂದಿ, ಕೋಳಿಗಳ ಚೀಲದ ಮೇಲೆ ಕಮ್ಮಿ ಅರ್ಥ ಇರುವುದು ಇದೇ ಕಾರಣಕ್ಕೆ. ಹಾಗಂತ ಹಸುವಿಗೂ ಅದೇ ಕೊನೆಯ ಮಾತಲ್ಲ. ತುಂಬಾ ಹಾಲು ಕೊಡುವ ಹಸುವಿಗೆ ಸೂಕ್ಷ್ಮಾಣುಜೀವಿಗಳ ಪ್ರೋಟೀನ್ ಮಾತ್ರ ಸಾಲದು. ಒಳ್ಳೆಯ ಹಿಂಡಿಯನ್ನು ರೂಮೆನ್‌ನಲ್ಲಿ ಕರಗದಂತೆ ಕಾಪಾಡಿ ಮುಂದಕ್ಕೆ ಕಳಿಸಬೇಕಾಗುತ್ತೆ. ನಮ್ಮ ಡೈರಿಗಳಲ್ಲಿ ಕೇಳಿಬರುವ ಬೈಪಾಸ್ ಪ್ರೋಟೀನ್ ಅಂದರೆ ಇದೇ.

5. ಎಷ್ಟು ಬೇಕು ಅಂತ ಕುದುರೆಯನ್ನೇ ಕೇಳೋದು

27 ಗ್ರಾಂ ಅಂತ ಹೇಳೋದು ಹೇಗೆ? ಹಳೆಯ ದಾರಿ ಅಂದರೆ ಕೊಟ್ಟು, ಬೆಳವಣಿಗೆ ತೂಗಿ ನೋಡೋದು. ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷದ ಆಸುಪಾಸಿನ ಕುದುರೆಮರಿಗಳಿಗೆ ಲೈಸಿನ್ ಜೊತೆ ಥ್ರಿಯೊನಿನ್ ಕೂಡ ಸೇರಿಸಿದಾಗ ಅವು ಹೆಚ್ಚು ತೂಕ ಗಳಿಸಿದವು ಅಂತ 1994ರಲ್ಲಿ ವರದಿಯಾಯಿತು. ಮೊದಲ ಕೊರತೆ ತುಂಬಿದರೆ ಎರಡನೆಯ ಕೊರತೆ ಮುಂದೆ ಬಂದು ನಿಲ್ಲುತ್ತೆ ಅನ್ನೋದು ಇಲ್ಲಿ ಕಾಣುತ್ತೆ.

ಹೊಸ ದಾರಿ ಇನ್ನೂ ಚೆಂದ. ಮೊಳೆಗಳ ಉದಾಹರಣೆಗೇ ವಾಪಸ್ ಬನ್ನಿ. 'ನ್ನ' ಎಷ್ಟು ಬೇಕು ಅಂತ ತಿಳಿಯಲು ಕಸಕ್ಕೆ ಹೋಗುವ 'ಕ' ಮೊಳೆಗಳನ್ನು ಎಣಿಸಿದರೆ ಸಾಕು! 'ನ್ನ' ಹೆಚ್ಚಿಸುತ್ತಾ ಹೋದಂತೆ ವ್ಯರ್ಥವಾಗುವ 'ಕ' ಕಮ್ಮಿಯಾಗುತ್ತೆ. ಎಲ್ಲಿ ಇಳಿಯೋದು ನಿಲ್ಲುತ್ತೋ ಅಲ್ಲಿಗೆ 'ನ್ನ' ಸಾಕು ಅಂತ ಅರ್ಥ. ಪ್ರಯೋಗದಲ್ಲಿ 'ಕ' ಜಾಗದಲ್ಲಿರೋದು ಕಾರ್ಬನ್-13 ಗುರುತು ಹಾಕಿದ ಫೀನೈಲಾಲನಿನ್ ಎಂಬ ಅಮೈನೊ ಆಮ್ಲ. ಅದು ಉರಿದರೆ ಗುರುತಿರುವ ಕಾರ್ಬನ್ ಡೈಆಕ್ಸೈಡ್ ಉಸಿರಿನಲ್ಲಿ ಬರುತ್ತೆ. ಗ್ರಾಫ್ ಹಾಕಿದರೆ ಇಳಿಯುವ ಒಂದು ಗೆರೆ, ಮಟ್ಟಸವಾದ ಇನ್ನೊಂದು ಗೆರೆ. ಅವು ಸೇರುವ ಮೊಣಕಾಲೇ ಅಗತ್ಯದ ಪ್ರಮಾಣ. ಹಂದಿ ಮತ್ತು ಮನುಷ್ಯರಲ್ಲಿ ಬಳಕೆಗೆ ಬಂದ ಈ ವಿಧಾನವನ್ನು ಕೆಂಟಕಿ ವಿಶ್ವವಿದ್ಯಾಲಯದವರು ಕುದುರೆಗಳಲ್ಲೂ ಪ್ರಯೋಗಿಸಿದ್ದಾರೆ.

6. 'ಜಾಸ್ತಿ ಇದ್ದರೆ ಏನು ನಷ್ಟ?'

ಗೊತ್ತಿಲ್ಲದಿದ್ದರೆ ಸ್ವಲ್ಪ ಜಾಸ್ತಿ ಹಾಕಿಬಿಡೋಣ ಅನ್ನೋದು ಸಹಜ. ಆದರೆ ಆ ಹೆಚ್ಚುವರಿಗೆ ರೈತರೇ ದುಡ್ಡು ಕೊಡಬೇಕು. ಆಮೇಲೆ ಅದು ಮೂತ್ರದಲ್ಲಿ ಯೂರಿಯಾ ಆಗಿ, ನೆಲಕ್ಕೆ ಬಿದ್ದು ಅಮೋನಿಯಾ ಆಗುತ್ತೆ. ಲಾಯದಲ್ಲಿ, ಕೋಳಿ ಶೆಡ್‌ನಲ್ಲಿ ಕಣ್ಣು ಉರಿಸುವ ವಾಸನೆ ಅದೇ. ಪ್ರಾಣಿಯ ಶ್ವಾಸಕೋಶಕ್ಕೂ ಅಲ್ಲಿ ಕೆಲಸ ಮಾಡುವವರಿಗೂ ಅದು ಒಳ್ಳೆಯದಲ್ಲ. ಉಳಿದ ನೈಟ್ರೋಜನ್ ನೈಟ್ರೇಟ್ ಆಗಿ ಬಾವಿ ನೀರಿಗೂ ಇಳಿಯಬಹುದು.

ಹಂದಿ ಸಾಕಣೆಯಲ್ಲಿ ಇದಕ್ಕೆ ದಾರಿ ಸಿಕ್ಕಿದೆ. ಲೈಸಿನ್ನನ್ನು 100 ಅಂತ ಇಟ್ಟು, ಉಳಿದವನ್ನು ಅದಕ್ಕೆ ಅನುಪಾತದಲ್ಲಿ ಹೇಳುವ ಪದ್ಧತಿಗೆ ಆದರ್ಶ ಪ್ರೋಟೀನ್ ಅಂತ ಹೆಸರು. ಒಟ್ಟು ಪ್ರೋಟೀನ್ ಇಳಿಸಿ, ಕೊರತೆಯಾದ ಅಮೈನೊ ಆಮ್ಲಗಳನ್ನಷ್ಟೇ ಬಿಡಿಯಾಗಿ ಸೇರಿಸುತ್ತಾರೆ. ಆಹಾರದ ಕಚ್ಚಾ ಪ್ರೋಟೀನನ್ನು ಹೀಗೆ ಒಂದು ಶೇಕಡಾಂಶ ಇಳಿಸಿದರೆ ಹೊರಹೋಗುವ ನೈಟ್ರೋಜನ್ ಸುಮಾರು 8ರಿಂದ 10 ಶೇಕಡಾ ಕಮ್ಮಿಯಾಗುತ್ತೆ, ಬೆಳವಣಿಗೆಗೆ ಪೆಟ್ಟು ಬೀಳೋದಿಲ್ಲ.

7. ನಿಮಗೊಂದು ಲೆಕ್ಕ

ಮೇಲಿನ ಕುದುರೆಗೆ ಸೋಯಾ ಮತ್ತು ಶೇಂಗಾ ಬೆರೆಸಿ 630 ಗ್ರಾಂ ಪ್ರೋಟೀನ್, 27 ಗ್ರಾಂ ಲೈಸಿನ್ ಕೊಡಬೇಕು. ಸೋಯಾದಿಂದ ಕನಿಷ್ಠ ಎಷ್ಟು ಪ್ರೋಟೀನ್ ಬರಬೇಕು?

ಸೋಯಾದ ಪಾಲು 'ಸ' ಆಗಿರಲಿ.
0.062 × ಸ + 0.035 × (630 − ಸ) = 27
0.027 × ಸ = 4.95
ಸ = ಸುಮಾರು 183 ಗ್ರಾಂ.

ಪೂರ್ತಿ ಸೋಯಾ ಬೇಕಾಗಿಲ್ಲ, ಮೂರನೇ ಒಂದು ಭಾಗಕ್ಕಿಂತ ಕಮ್ಮಿ ಸಾಕು. ನಿಜವಾದ ಕುದುರೆಗೆ ಹುಲ್ಲೇ ಮುಖ್ಯ ಆಹಾರ, ಲೆಕ್ಕ ಹಾಕಬೇಕಾದ ಅಮೈನೊ ಆಮ್ಲಗಳೂ ಇನ್ನೂ ಇವೆ. ಒಂದೊಂದಕ್ಕೂ ಒಂದು ಷರತ್ತು, ಒಂದೊಂದು ಹಿಂಡಿಗೂ ಒಂದು ಬೆಲೆ ಸೇರಿಸಿದರೆ ನಮ್ಮ ಸಿಲಬಸ್‌ನ ಲೀನಿಯರ್ ಪ್ರೋಗ್ರಾಮಿಂಗ್ ಸಿದ್ಧ. ಪಶು ಆಹಾರ ಉದ್ಯಮ ಇದನ್ನು ದಶಕಗಳಿಂದ ಬಳಸುತ್ತಿದೆ. ಆದರೆ ಷರತ್ತಿನ ಜಾಗದಲ್ಲಿ 'ಕಚ್ಚಾ ಪ್ರೋಟೀನ್ ಶೇ. 20' ಅಂತ ಮಾತ್ರ ಬರೆದರೆ ಪ್ರೋಗ್ರಾಂ ಅಗ್ಗದ ನೈಟ್ರೋಜನ್ ಹುಡುಕಿ ಕೊಡುತ್ತೆ. ತಪ್ಪು ಪ್ರೋಗ್ರಾಮಿನದಲ್ಲ, ನಾವು ಕೇಳಿದ್ದನ್ನೇ ಅದು ಕೊಟ್ಟಿದೆ.

ಜಿಮ್‌ಗೆ ಹೋಗುವ ಗೆಳೆಯರಿಗೆ ಕೊನೆಯದಾಗಿ ಒಂದು ಮಾತು. ಗ್ಲೈಸಿನ್ ಅಗ್ಗದ ಅಮೈನೊ ಆಮ್ಲ, ಅದರಲ್ಲೂ ನೈಟ್ರೋಜನ್ ಇದೆ. ಪ್ರೋಟೀನ್ ಪುಡಿಗೆ ಅದನ್ನು ಬೆರೆಸಿದರೆ ಕೆಲ್ಡಾಲ್ ಪರೀಕ್ಷೆ ಅದನ್ನೂ ಪ್ರೋಟೀನ್ ಅಂತಲೇ ಎಣಿಸುತ್ತೆ. ಡಬ್ಬದ ಮುಂದಿರುವ ದೊಡ್ಡ ಸಂಖ್ಯೆ ನೋಡಿದ ಮೇಲೆ ಹಿಂದೆ ತಿರುಗಿಸಿ ಅಮೈನೊ ಆಮ್ಲಗಳ ಪಟ್ಟಿ ಇದೆಯಾ ನೋಡಿ. ಇದ್ದರೆ ಮೊದಲು ಲೈಸಿನ್ ಹುಡುಕಿ.